ನಮ್ಮ ಪರವಾಗಿ ಮಾರುವವರು

ನಮ್ಮ ಕಡೆಯ ಅಡಿಕೆ ಬೆಳೆಗಾರರೊಬ್ಬರನ್ನು ಜಗಲಿಯಲ್ಲಿ ಕೂರಿಸಿ ತೋಟದ ಮಾತು ತೆಗೆದು ನೋಡಿ. ಸಸಿ ಆಯುವುದರಿಂದ ತೊಡಗಿ ಗೊನೆ ಇಳಿಸುವವರೆಗೆ ಅವರ ಮಾತಿಗೆ ತಡೆಯಿಲ್ಲ. ಯಾವ ಮರದ ಗೋಟನ್ನು ಬೀಜಕ್ಕೆ ಇಡಬೇಕು, ಬೋರ್ಡೋ ದ್ರಾವಣಕ್ಕೆ ಸುಣ್ಣ ಎಷ್ಟು ಮೈಲುತುತ್ತು ಎಷ್ಟು, ಅಂಗಳದಲ್ಲಿ ಹರಡಿದ ಅಡಿಕೆಯನ್ನು ಎಷ್ಟು ದಿನಕ್ಕೊಮ್ಮೆ ಮಗುಚಬೇಕು, ಎಲ್ಲವೂ ನಾಲಿಗೆಯ ತುದಿಯಲ್ಲಿದೆ. ಆದರೆ "ಮಾರುವುದು ಹೇಗೆ?" ಎಂದು ಕೇಳಿದರೆ ಉತ್ತರ ಒಂದೇ ವಾಕ್ಯದಲ್ಲಿ ಮುಗಿಯುತ್ತದೆ: "ಕೊಟ್ಟು ಬರುವುದು, ಅಷ್ಟೆ." ಆ ಕ್ರಿಯಾಪದವನ್ನು ಗಮನಿಸಬೇಕು. ಅಡಿಕೆ ಮಾರಿದೆ ಎನ್ನುವುದಕ್ಕಿಂತ ಅಡಿಕೆ ಕೊಟ್ಟೆ ಎನ್ನುವವರೇ ನಮ್ಮಲ್ಲಿ ಹೆಚ್ಚು.

ಇದು ಬರಿಯ ಮಾತಿನ ರೂಢಿಯಲ್ಲ. ಮಾರುವ ಕೆಲಸವನ್ನು ನಾವು ಎಂದೂ ಸ್ವತಃ ಮಾಡಿದವರಲ್ಲ. ಅದನ್ನು ಇನ್ನೊಬ್ಬರಿಗೆ ವಹಿಸಿಕೊಟ್ಟವರು. ಈಗಿನ ವ್ಯವಹಾರದ ಭಾಷೆಯಲ್ಲಿ ಇದನ್ನು ಹೊರಗುತ್ತಿಗೆ ಎನ್ನುತ್ತಾರೆ. ತಯಾರಿಸುವವನು ಒಬ್ಬ, ಅವನ ಪರವಾಗಿ ಊರೂರು ತಿರುಗಿ ಮಾರಿಕೊಡುವ ಕಂಪೆನಿ ಇನ್ನೊಂದು. ನಗರಗಳಲ್ಲಿ ಇಂಥ ಕಂಪೆನಿಗಳು ಹುಟ್ಟಿ ಬೆಳೆದ ಕತೆಗಳನ್ನು ಹೊಸ ಸಾಹಸವೆಂಬಂತೆ ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ನಮ್ಮದೇ ಊರಿನ ಒಂದು ಸಂಸ್ಥೆ. ಪರರ ಸರಕನ್ನು ಪರರಿಗಾಗಿ ಮಾರಿಕೊಡುವುದೇ ಕಸುಬಾಗಿ 1973ರಲ್ಲಿ ಮಂಗಳೂರಿನಲ್ಲಿ ಶುರುವಾದ ಕ್ಯಾಂಪ್ಕೊ. ಅದರ ಚರಿತ್ರೆಯನ್ನು ಸಹಕಾರ ಚಳವಳಿಯ ಒಂದು ಅಧ್ಯಾಯವಾಗಿ ಬರೆದವರಿದ್ದಾರೆ. ನನ್ನ ಕುತೂಹಲ ಇರುವುದು ಮಾತ್ರ ಒಂದು ಸಣ್ಣ ಪ್ರಶ್ನೆಯಲ್ಲಿ: ನಮ್ಮ ಪರವಾಗಿ ಮಾರುವವನು ನಿಜವಾಗಿ ಯಾರ ಪರ?

ಮೊದಲು ಹಳೆಯ ಪದ್ಧತಿಯನ್ನು ನೋಡೋಣ. ದಕ್ಷಿಣ ಕನ್ನಡದ ಅಡಿಕೆ ಚಾಲಿ ಅಡಿಕೆ. ಶಿವಮೊಗ್ಗದ ಕಡೆಯವರಂತೆ ಹಸಿ ಅಡಿಕೆ ಸುಲಿದು ಬೇಯಿಸಿ ಬಣ್ಣ ಕಟ್ಟುವ ಕ್ರಮ ನಮ್ಮದಲ್ಲ. ಹಣ್ಣಡಿಕೆಯನ್ನು ಅಂಗಳದಲ್ಲಿ ಒಂದೂವರೆ ತಿಂಗಳ ಹತ್ತಿರ ಒಣಗಿಸಿ, ಆಮೇಲೆ ಸುಲಿದು, ಗೋಣಿಯಲ್ಲಿ ತುಂಬಿ ಅಟ್ಟಕ್ಕೆ ಏರಿಸುವುದು. ಚೆನ್ನಾಗಿ ಒಣಗಿದ ಚಾಲಿ ವರ್ಷ ಕಾಲ ಕೆಡದೆ ಇರುತ್ತದೆ. ಹಳತಾದಷ್ಟು ಬೆಲೆಯೂ ಹೆಚ್ಚು. ಆದರೆ ಇದನ್ನು ತಿನ್ನುವವರು ನಮ್ಮ ಊರಿನವರಲ್ಲ. ಗುಜರಾತ, ಉತ್ತರ ಪ್ರದೇಶ, ಮಧ್ಯ ಪ್ರದೇಶಗಳ ಕಡೆಯವರು. ಆಯ್ದ ಅಡಿಕೆಯ ಗಾತ್ರಕ್ಕೆ ಕೊಟ್ಟ ಹೆಸರುಗಳಲ್ಲೇ ಆ ದೂರ ಕೇಳಿಸುತ್ತದೆ: ಮೋಟಿ, ಶ್ರೀವರ್ಧನ, ಜಾಮ್, ಜೀನಿ. ಪುತ್ತೂರಿನ ಹಳ್ಳಿಯ ಅಂಗಳದಲ್ಲಿ ಕೂತು ಸುಲಿಯುವ ಹೆಂಗಸಿಗೆ ಈ ಹೆಸರುಗಳ ಪರಿಚಯವಿರಲಿಲ್ಲ. ತೋಟದ ಯಜಮಾನನಿಗೂ ಅವುಗಳ ದರ ಗೊತ್ತಿರಲಿಲ್ಲ.

ದರ ಗೊತ್ತಿದ್ದುದು ವ್ಯಾಪಾರಿಗೆ. ಮಳೆಗಾಲದಲ್ಲಿ ಅಕ್ಕಿಗೆ, ಮಗಳ ಮದುವೆಗೆ, ಮಗನ ಹಾಸ್ಟೆಲಿನ ಖರ್ಚಿಗೆ ಅವನಲ್ಲೇ ಮುಂಗಡ ತರುತ್ತಿದ್ದರು. ಬೇಸಗೆಯಲ್ಲಿ ಅಡಿಕೆ ಅವನ ಅಂಗಡಿಗೇ ಹೋಗುತ್ತಿತ್ತು. ಹೋದ ಮೇಲೆ ತೂಕ, ತೂಕದಲ್ಲಿ ಕಳೆತ, ನಮೂನೆಗೆಂದು ಒಂದು ಹಿಡಿ, ಹಮಾಲಿ, ದಲಾಲಿ, ಧರ್ಮದ ಹೆಸರಿನಲ್ಲಿ ಒಂದಿಷ್ಟು. ಕೊನೆಗೆ ಉಳಿದುದನ್ನು ಹಳೆಯ ಬಾಕಿಗೆ ಜಮೆ ಮಾಡಿ ಒಂದು ಚೀಟಿ. ನಾಡಿನ ಹಲವು ಮಂಡಿಗಳಲ್ಲಿ ಬಟ್ಟೆಯ ಅಡಿಯಲ್ಲಿ ಬೆರಳು ಹಿಡಿದು ದರ ಕುದುರಿಸುವ ಕ್ರಮವಿತ್ತು. ಮಾಲಿನ ಒಡೆಯ ಎದುರಿಗೇ ನಿಂತಿರುತ್ತಿದ್ದ, ಅವನ ಮಾಲಿನ ಬೆಲೆ ಬಟ್ಟೆಯೊಳಗೆ ನಿಶ್ಚಯವಾಗುತ್ತಿತ್ತು.

ವ್ಯಾಪಾರಿಯನ್ನು ಖಳನಾಯಕನನ್ನಾಗಿ ಮಾಡಿ ಈ ಕತೆ ಹೇಳುವ ಅಭ್ಯಾಸ ಕೆಲವರಿಗಿದೆ. ನನಗೆ ಅದು ಒಪ್ಪಿಗೆಯಿಲ್ಲ. ಬ್ಯಾಂಕುಗಳು ಹಳ್ಳಿಯ ಕಡೆ ತಲೆ ಹಾಕದ ಕಾಲದಲ್ಲಿ ರಾತ್ರಿ ಹೊತ್ತು ಬಾಗಿಲು ತಟ್ಟಿದರೂ ದುಡ್ಡು ಕೊಟ್ಟವನು ಅವನೇ. ಕಾಗದ ಪತ್ರ ಕೇಳದೆ ಮುಖ ನೋಡಿ ಕೊಟ್ಟವನು. ನನ್ನ ಬಾಲ್ಯದ ಮನೆಯಲ್ಲಿ ವ್ಯಾಪಾರಿಯ ಹೆಸರನ್ನು ಗೌರವದಿಂದಲೇ ಹೇಳುತ್ತಿದ್ದರು. ಸಮಸ್ಯೆ ಇದ್ದದ್ದು ಅವನ ಗುಣದಲ್ಲಲ್ಲ, ಅವನು ನಿಂತ ಜಾಗದಲ್ಲಿ. ಕಡಿಮೆಗೆ ಕೊಂಡಷ್ಟೂ ಅವನಿಗೆ ಲಾಭ. ಅಂಥವನ ಕೈಗೆ ನಮ್ಮ ಪರವಾಗಿ ಮಾರುವ ಕೆಲಸ ಕೊಟ್ಟಿದ್ದೆವು. ಎಷ್ಟೇ ಒಳ್ಳೆಯವನಾದರೂ ತನಗೆ ನಷ್ಟ ಮಾಡಿಕೊಂಡು ನಮಗೆ ಲಾಭ ತರುತ್ತಾನೆಂದು ಬಯಸುವುದು ನ್ಯಾಯವಲ್ಲ.

ಈ ತೊಡಕನ್ನು ಹಿರಿಯರು ಗುರುತಿಸಿರಲಿಲ್ಲವೆಂದಲ್ಲ. ಆದರೆ ನಮ್ಮ ಸಹಕಾರದ ಇತಿಹಾಸದಲ್ಲಿ ಒಂದು ವಿಚಿತ್ರವಿದೆ. ದೇಶದ ಮೊದಲ ಸಹಕಾರಿ ಕಾನೂನು ಬಂದದ್ದು 1904ರಲ್ಲಿ. ಮರುವರ್ಷವೇ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು. ಆ ಕಾನೂನು ಒಪ್ಪಿಕೊಂಡಿದ್ದುದು ಸಾಲದ ಸಂಘಗಳನ್ನು ಮಾತ್ರ. ರೈತರು ಒಟ್ಟು ಸೇರಿ ಸಾಲ ಮಾಡಬಹುದು, ಒಟ್ಟು ಸೇರಿ ಮಾರುವುದಕ್ಕೆ ಅದರಲ್ಲಿ ಜಾಗವಿರಲಿಲ್ಲ! 1912ರಲ್ಲಿ ಬಂದ ಎರಡನೆಯ ಕಾನೂನು ಆ ಬಾಗಿಲು ತೆರೆಯಿತು. 1915ರಲ್ಲಿ ಹುಬ್ಬಳ್ಳಿಯಲ್ಲಿ ಹತ್ತಿ ಮಾರಾಟಕ್ಕೆ ಸಂಘ ಹುಟ್ಟಿತು. 1918ರಲ್ಲಿ, ಆಗ ಮದರಾಸು ಪ್ರಾಂತ್ಯದಲ್ಲಿದ್ದ ನಮ್ಮ ಜಿಲ್ಲೆಯಲ್ಲಿ, ಸದಸ್ಯರ ಅಡಿಕೆಯನ್ನು ಒಟ್ಟಾಗಿ ಮಾರಲು ಸೌತ್ ಕೆನರಾ ಪ್ಲಾಂಟರ್ಸ್ ಸಂಘ ಬಂತು. ಶಿರಸಿಯಲ್ಲಿ ತೋಟಗಾರರ ಸೇಲ್ ಸೊಸೈಟಿ 1923ರಲ್ಲಿ, ಶಿವಮೊಗ್ಗದಲ್ಲಿ ಮ್ಯಾಮ್ಕೋಸ್ 1939ರಲ್ಲಿ ಹುಟ್ಟಿದವು. ಇತ್ತ ಪುತ್ತೂರಿನಲ್ಲಿ ಮೊಳಹಳ್ಳಿ ಶಿವರಾಯರು 1914ರಲ್ಲೇ ಜಿಲ್ಲೆಗೆ ಕೇಂದ್ರ ಸಹಕಾರಿ ಬ್ಯಾಂಕು ಕಟ್ಟಿದ್ದರು. ಹೀಗೆ ನಮ್ಮ ಜನಕ್ಕೆ ಸಂಘ ಕಟ್ಟುವುದು, ಲೆಕ್ಕ ಇಡುವುದು, ಮಹಾಸಭೆಯಲ್ಲಿ ಎದ್ದು ನಿಂತು ತಕರಾರು ಮಾಡುವುದು ಅರವತ್ತು ವರ್ಷಗಳಿಂದ ರೂಢಿಯಾಗಿತ್ತು. ಕ್ಯಾಂಪ್ಕೊ ಖಾಲಿ ಗದ್ದೆಯಲ್ಲಿ ಬಿತ್ತಿದ ಬೀಜವಲ್ಲ.

ಹಾಗಾದರೆ 1973ರವರೆಗೆ ಅಂಥದೊಂದು ಸಂಸ್ಥೆ ಯಾಕೆ ಬರಲಿಲ್ಲ? ಬಂದದ್ದಾದರೂ ಆಗಲೇ ಯಾಕೆ? ಇದಕ್ಕೆ ಮೂರು ಕಾರಣಗಳು ನನಗೆ ಕಾಣುತ್ತವೆ.

ಮೊದಲನೆಯದು ಬೆಳೆಯ ಹೆಚ್ಚಳ. ಸ್ವಾತಂತ್ರ್ಯ ಬರುವವರೆಗೆ ನಮ್ಮ ದೇಶ ಸಿಲೋನು, ಮಲಯಗಳಿಂದ ರಾಶಿ ರಾಶಿ ಅಡಿಕೆ ತರಿಸುತ್ತಿತ್ತು. ಆಮೇಲೆ ವಿದೇಶೀ ವಿನಿಮಯ ಉಳಿಸಲು ಆಮದಿಗೆ ಕಡಿವಾಣ ಬಿತ್ತು. ನಾವೇ ಬೆಳೆಯಬೇಕೆಂದಾಯಿತು. ಅದಕ್ಕಾಗಿ 1949ರಲ್ಲಿ ಕೇಂದ್ರ ಅಡಿಕೆ ಸಮಿತಿ, 1956ರಲ್ಲಿ ವಿಟ್ಲದಲ್ಲಿ ಸಂಶೋಧನಾ ಕೇಂದ್ರ ಬಂದವು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ವಿದ್ಯೆಯನ್ನು ಮೈಸೂರು ಸೀಮೆಯಲ್ಲಿ ಕೋಲ್ಮನ್ ಸಾಹೇಬರು 1910ರ ಸುಮಾರಿಗೇ ತೋರಿಸಿಕೊಟ್ಟಿದ್ದರು. ಮರದ ರೋಗಕ್ಕೆ ವಿಜ್ಞಾನಿಗಳಿದ್ದರು, ಗೊಬ್ಬರಕ್ಕೆ ಇಲಾಖೆಯಿತ್ತು, ಗುಡ್ಡ ಕಡಿದು ತೋಟ ಮಾಡುವವರಿಗೆ ಉತ್ತೇಜನವಿತ್ತು. ಫಸಲು ಬೆಳೆಯಿತು. ಮಾರುವ ದಾರಿ ಮಾತ್ರ ಅಜ್ಜನ ಕಾಲದಲ್ಲಿ ಇದ್ದಲ್ಲೇ ಇತ್ತು. 1970ರ ಹೊತ್ತಿಗೆ ದೇಶದ ಬಾಯಿಗೆ ಸಾಕಾಗುವಷ್ಟು ಅಡಿಕೆ ಆಯಿತು, ಬೆಲೆ ಕುಸಿದು ಬಿತ್ತು.

ಆ ಕುಸಿತದ ವರ್ಷಗಳಲ್ಲಿ ನಾನು ಶಾಲೆಗೆ ಹೋಗುತ್ತಿದ್ದ ಹುಡುಗ. ಅಟ್ಟದ ಮೇಲೆ ಕಳೆದ ವರ್ಷದ ಗೋಣಿಗಳು ಹಾಗೇ ಇದ್ದವು, ಹೊಸ ಗೋಣಿಗಳು ಅವುಗಳ ಪಕ್ಕ ಬಂದು ಕೂತವು. ಮನೆಯಲ್ಲಿ ದೊಡ್ಡವರು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಕೆಲವು ಅಂಗಡಿಗಳಲ್ಲಿ ದರ ಕೇಳಿದರೆ "ಸದ್ಯ ಬೇಡ" ಎನ್ನುತ್ತಿದ್ದರಂತೆ. ಬೆಲೆ ಕಡಿಮೆಯಾದರೆ ಹೊಟ್ಟೆ ಬಿಗಿದುಕೊಂಡಾದರೂ ದಿನ ದೂಡಬಹುದು. ಯಾವ ಬೆಲೆಗೂ ಬೇಡವೆಂದರೆ ಏನು ಮಾಡುವುದು? ಅಡಿಕೆಯನ್ನು ಬೇಯಿಸಿ ಉಣ್ಣುವ ಹಾಗಿಲ್ಲವಲ್ಲ.

ಎರಡನೆಯ ಕಾರಣ ಗಡಿ. 1956ರ ನವೆಂಬರ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕಾಸರಗೋಡು ಕೇರಳಕ್ಕೆ ಹೋಯಿತು. ಅಡಿಕೆ ತೋಟಗಳ ಒಂದೇ ಸೀಮೆ ಎರಡು ರಾಜ್ಯಗಳಲ್ಲಿ ಹಂಚಿಹೋಯಿತು. ಅಣ್ಣನ ತೋಟ ಇತ್ತ, ತಂಗಿಯನ್ನು ಕೊಟ್ಟ ಮನೆಯ ತೋಟ ಅತ್ತ. ಮಂಗಳೂರಿನ ಬಂದರಿಗೆ ಬರುವ ಅಡಿಕೆ ಎರಡೂ ಕಡೆಯದು. ಒಂದು ರಾಜ್ಯದ ಸಂಘ ಎಷ್ಟೇ ದುಡಿದರೂ ಗಡಿಯಾಚೆಯ ಅಡಿಕೆ ಅಗ್ಗಕ್ಕೆ ಬಂದು ಬಿದ್ದರೆ ಅದರ ದರ ನಿಲ್ಲುತ್ತಿರಲಿಲ್ಲ. ಎರಡೂ ರಾಜ್ಯಗಳನ್ನು ಹೊಲಿದು ಸೇರಿಸುವ ಸಂಸ್ಥೆ ಬೇಕಿತ್ತು.

ಮೂರನೆಯದನ್ನು ಯಾರೂ ಹೆಚ್ಚು ಹೇಳುವುದಿಲ್ಲ. ಅದು ಭೂಸುಧಾರಣೆ. ಕೇರಳದಲ್ಲಿ 1970ರಿಂದ, ನಮ್ಮಲ್ಲಿ ದೇವರಾಜ ಅರಸರ ಸರಕಾರ 1974ರಲ್ಲಿ ಜಾರಿಗೆ ತಂದ ತಿದ್ದುಪಡಿಯಿಂದ, ಗೇಣಿದಾರರು ಒಡೆಯರಾದರು. ಗೇಣಿ ಅಳೆದು ಕೊಟ್ಟು ಬರುತ್ತಿದ್ದ ಕುಟುಂಬಕ್ಕೆ ಮೊತ್ತಮೊದಲಿಗೆ ತನ್ನ ಬೆಳೆಯನ್ನು ತಾನೇ ಮಾರುವ ಹಕ್ಕು ಬಂತು, ಅದರೊಡನೆ ಮಾರುವ ಭಯವೂ ಬಂತು. ನೂರು ಗೋಣಿಯವನಿಗೆ ಬಂದರಿನ ವ್ಯಾಪಾರಿ ಕುರ್ಚಿ ಕೊಟ್ಟಾನು. ಎರಡು ಗೋಣಿಯವನಿಗೆ ಯಾರು ಕೊಡುತ್ತಾರೆ? ಕ್ಯಾಂಪ್ಕೊ ಹುಟ್ಟಿದ ಬೆನ್ನಿಗೇ ಇಂಥ ಸಾವಿರಾರು ಎರಡು ಗೋಣಿಯ ಒಡೆಯರು ಹುಟ್ಟಿದರು. ಇವರಿಲ್ಲದಿದ್ದರೆ ಅದು ದೊಡ್ಡ ತೋಟದವರ ಕ್ಲಬ್ಬಾಗಿ ಉಳಿಯುತ್ತಿತ್ತೋ ಏನೋ.

ಈ ಮೂರೂ ಕೂಡಿಬಂದ ಹೊತ್ತಿನಲ್ಲಿ ಎದ್ದು ನಿಂತವರು ಅಡ್ಯನಡ್ಕದ ವಾರಣಾಸಿ ಸುಬ್ರಾಯ ಭಟ್ಟರು. ಸ್ವತಃ ಕೃಷಿಕರು. ಬೆಲೆ ಬಿದ್ದಾಗ ಸರಕಾರಕ್ಕೆ ಮನವಿ ಕೊಡುವುದು ಎಲ್ಲರೂ ಮಾಡುವ ಕೆಲಸ, ಆಗಲೂ ಮಾಡಿದರು. ಅದರಾಚೆಗೆ ಹೋದದ್ದು ಸುಬ್ರಾಯ ಭಟ್ಟರ ಹೆಚ್ಚುಗಾರಿಕೆ. ಬೆಳೆಗಾರರೇ ಕೊಳ್ಳಬೇಕು, ಬೆಳೆಗಾರರೇ ಮಾರಬೇಕು, ಎರಡು ರಾಜ್ಯಗಳ ಸರಕಾರಗಳೂ ಪಾಲು ಬಂಡವಾಳ ಹಾಕಬೇಕು ಎಂದು ಅವರು ಹಟ ಹಿಡಿದರು. ಊರೂರು ತಿರುಗಿ ಷೇರು ಕೂಡಿಸಿದರು. ಮೊದಲೇ ಕೈ ಬರಿದಾದವನ ಮುಂದೆ ನಿಂತು ಇನ್ನೂ ಹುಟ್ಟದ ಸಂಸ್ಥೆಗೆ ದುಡ್ಡು ಕೇಳುವುದು ಸುಲಭವಲ್ಲ. ಉದ್ಯಮಶೀಲತೆ ಎಂದರೆ ಏನೆಂದು ಯಾರಾದರೂ ಕೇಳಿದರೆ ನಾನು ಈ ತಿರುಗಾಟವನ್ನೇ ತೋರಿಸುತ್ತೇನೆ. 1973ರ ಜುಲೈ 11ರಂದು ಸಂಸ್ಥೆ ಸ್ಥಾಪನೆಯಾಯಿತು. ಭಟ್ಟರು ಅದರ ಸ್ಥಾಪಕ ಅಧ್ಯಕ್ಷರಾದರು.

ಹೆಸರು ಇಟ್ಟದ್ದೇನೋ ಆಯಿತು. ಮಾರುವುದು ಯಾರಿಗೆ? ಇಲ್ಲಿಂದಾಚೆಗೆ ಒಬ್ಬರ ಸಾಹಸದ ಕತೆ ಮುಗಿದು ಹಲವರ ದುಡಿಮೆಯ ಕತೆ ಶುರುವಾಗುತ್ತದೆ. ಕೊಳ್ಳುವ ತುದಿಯಲ್ಲಿ ಪುತ್ತೂರು, ವಿಟ್ಲ, ಸುಳ್ಯ, ಕಾಸರಗೋಡಿನಂಥ ಕಡೆ ಶಾಖೆಗಳು ಬೇಕು. ಅಲ್ಲಿ ಅಡಿಕೆ ಪರಿಶೀಲಿಸುವ ಮನುಷ್ಯ ಬೇಕು. ಗೋಣಿಯೊಳಗೆ ಕೈ ಹಾಕಿ ಮೇಲೆತ್ತಿದ ಹಿಡಿಯಲ್ಲಿ ಒಳ್ಳೆಯದೆಷ್ಟು, ಪಟೋರ ಎಷ್ಟು, ಉಳ್ಳಿ ಎಷ್ಟು, ಕೋಕ ಎಷ್ಟು ಎಂದು ಹೇಳುವ ಕಣ್ಣು ಶಾಲೆಯಲ್ಲಿ ಕಲಿತು ಬರುವಂಥದ್ದಲ್ಲ. ಆ ಕಣ್ಣು ಬೆಳೆಗಾರನ ಕಡೆ ವಾಲಿದರೆ ಸಂಸ್ಥೆ ಮುಳುಗುತ್ತದೆ, ಸಂಸ್ಥೆಯ ಕಡೆ ವಾಲಿದರೆ ಬೆಳೆಗಾರ ಮತ್ತೆ ಬರುವುದಿಲ್ಲ. ಮಾರುವ ತುದಿಯಲ್ಲಿ ಅಹಮದಾಬಾದು, ರಾಜಕೋಟೆ, ಕಾನ್ಪುರಗಳಲ್ಲಿ ಡಿಪೋಗಳು ಬೇಕು. ತುಳು, ಕನ್ನಡ, ಮಲಯಾಳ ಮಾತಾಡಿ ಬೆಳೆದ ಹುಡುಗರು ಅಲ್ಲಿಯ ಚಳಿಯಲ್ಲಿ ಕೂತು, ಹಿಂದಿ ಕಲಿತು, ತಲೆಮಾರುಗಳಿಂದ ಅಡಿಕೆಯನ್ನೇ ಉಸಿರಾಡಿದ ವ್ಯಾಪಾರಿಗಳೊಡನೆ ದರ ಮಾತಾಡಬೇಕಾಯಿತು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಇಂಥ ಒಬ್ಬ ಹುಡುಗನಿದ್ದ. ರಜೆಗೆ ಬಂದಾಗ ಅವನು ಹೇಳುತ್ತಿದ್ದ ಸುದ್ದಿಯಿಂದಲೇ ನಮ್ಮ ಅಡಿಕೆ ಎಲ್ಲಿ ಹೋಗುತ್ತದೆಂದು ನಾನು ಮೊದಲು ತಿಳಿದದ್ದು.

ಬೆಳೆಗಾರನ ಮಟ್ಟಿಗೆ ಬದಲಾವಣೆ ಬಹಳ ಸರಳವಾಗಿತ್ತು. ದರ ಹಲಗೆಯ ಮೇಲೆ ಬರೆದಿತ್ತು. ತೂಕ ಕಣ್ಣೆದುರಿಗೇ ಆಗುತ್ತಿತ್ತು. ಎರಡು ಗೋಣಿಗೂ ಇನ್ನೂರು ಗೋಣಿಗೂ ಒಂದೇ ದರ. ಹಣ ಚೆಕ್ಕಿನಲ್ಲಿ ಕೈಗೆ ಬರುತ್ತಿತ್ತು. ಬಟ್ಟೆಯೊಳಗಿದ್ದ ಬೆಲೆ ಹಲಗೆಯ ಮೇಲೆ ಬಂದದ್ದೇ ಈ ಸಂಸ್ಥೆಯ ದೊಡ್ಡ ಕೊಡುಗೆ ಎಂದು ನಾನು ತಿಳಿದಿದ್ದೇನೆ.

ಇದರ ಪರಿಣಾಮ ಸಂಸ್ಥೆಯ ಗೋಡೆಯಾಚೆಗೂ ಹಬ್ಬಿತು. ಇಲ್ಲಿ ಬೆಳೆಯುವ ಅಡಿಕೆಯನ್ನೆಲ್ಲ ಕ್ಯಾಂಪ್ಕೊ ಎಂದೂ ಕೊಂಡದ್ದಿಲ್ಲ. ಅದರ ಪಾಲು ಒಟ್ಟು ಫಸಲಿನ ಒಂದು ಸಣ್ಣ ಭಾಗ. ಆದರೆ ಬೆಳಗ್ಗೆ ಹಲಗೆಯ ಮೇಲೆ ಒಂದು ದರ ಬಿದ್ದರೆ ಅದಕ್ಕಿಂತ ತೀರಾ ಕೆಳಗೆ ಕೇಳಲು ಊರಿನ ಯಾವ ವ್ಯಾಪಾರಿಗೂ ಆಗುವುದಿಲ್ಲ. ಆಚೆ ಅಂಗಡಿಯವನು ಒಂದು ರೂಪಾಯಿ ಹೆಚ್ಚು ಕೊಟ್ಟನೆಂದು ನಾವು ಹಿಗ್ಗುತ್ತೇವೆ. ಆ ಒಂದು ರೂಪಾಯಿ ಹೆಚ್ಚು ಕೊಡುವಂತೆ ಮಾಡಿದ್ದು ಯಾರೆಂದು ಯೋಚಿಸುವುದಿಲ್ಲ.

ಅಡಿಕೆಯಲ್ಲಿ ಕಾಲೂರಿದ ಸಂಸ್ಥೆಗೆ ನಿಜವಾದ ಪರೀಕ್ಷೆ ಬಂದದ್ದು ಕೊಕ್ಕೊದಲ್ಲಿ. ಅಡಿಕೆ ಮರಗಳ ನಡುವಿನ ನೆರಳಿನಲ್ಲಿ ಚೆನ್ನಾಗಿ ಬರುವ ಉಪಬೆಳೆಯೆಂದು 1970ರ ದಶಕದಲ್ಲಿ ಕೊಕ್ಕೊ ಗಿಡಗಳು ನಮ್ಮ ತೋಟಗಳಿಗೆ ಬಂದವು. ಚಾಕೊಲೇಟು ಕಂಪೆನಿಯವರು ಕೊಳ್ಳುವ ಭರವಸೆ ಕೊಟ್ಟಿದ್ದರು, ಕೆಲವು ವರ್ಷ ಕೊಂಡರು. 1980ರ ಹೊತ್ತಿಗೆ ಲೋಕದ ಮಾರುಕಟ್ಟೆಯಲ್ಲಿ ಕೊಕ್ಕೊ ಬೆಲೆ ಇಳಿದಾಗ ಖರೀದಿ ನಿಂತಿತು. ಇಲ್ಲಿ ಅಡಿಕೆಗೂ ಕೊಕ್ಕೊಗೂ ಇರುವ ವ್ಯತ್ಯಾಸವನ್ನು ತಿಳಿಯಬೇಕು. ಚಾಲಿ ಅಡಿಕೆ ಅಟ್ಟದ ಮೇಲೆ ಕಾಯುತ್ತದೆ. ಕೊಕ್ಕೊ ಕಾಯುವುದಿಲ್ಲ. ಕೋಡು ಒಡೆದು ತೆಗೆದ ಹಸಿ ಬೀಜ ಬೇಗನೆ ಹುದುಗಿನ ರಾಶಿಗೆ ಸೇರಬೇಕು. ಐದಾರು ದಿನ ಹದವಾಗಿ ಹುಳಿ ಬಂದು, ಆಮೇಲೆ ಒಣಗಿದರೆ ಮಾತ್ರ ಚಾಕೊಲೇಟಿನ ಪರಿಮಳ ಹುಟ್ಟುತ್ತದೆ. ನಾಲ್ಕು ಕಿಲೋ ಬೀಜದವನು ತನ್ನ ಮನೆಯಲ್ಲಿ ಆ ರಾಶಿ ಹಾಕುವಂತಿಲ್ಲ. ಅಷ್ಟು ಕಡಿಮೆ ಬೀಜಕ್ಕೆ ಬೇಕಾದ ಬಿಸಿಯೇ ಏಳುವುದಿಲ್ಲ. ಕೊಳ್ಳುವವನು ಇಲ್ಲದ ದಿನ ಅದು ಕಸ. ಜನ ಗಿಡಗಳನ್ನೇ ಕಡಿಯತೊಡಗಿದರು. ನಮ್ಮ ನೆರೆಯವರೊಬ್ಬರು ಕೊಕ್ಕೊದ ಕೋಡುಗಳನ್ನು ಹಟ್ಟಿಯ ಗೊಬ್ಬರದ ಗುಂಡಿಗೆ ಸುರಿದದ್ದನ್ನು ನಾನು ನೋಡಿದ್ದೇನೆ.

ಅಡಿಕೆ ಮಾರಲೆಂದು ಹುಟ್ಟಿದ ಸಂಸ್ಥೆಗೆ ಕೊಕ್ಕೊ ಕೊಳ್ಳುವ ಹಂಗೇನೂ ಇರಲಿಲ್ಲ. ಆದರೆ ಕೊಕ್ಕೊ ಬೆಳೆದವರು ಅದೇ ಸದಸ್ಯರು. ಎರಡೂ ರಾಜ್ಯಗಳ ಸರಕಾರಗಳು ಕೇಳಿಕೊಂಡವು, ಸಂಸ್ಥೆ ಕಣಕ್ಕಿಳಿಯಿತು. ಹಸಿ ಬೀಜ ಸಂಗ್ರಹಿಸುವ ಕೇಂದ್ರಗಳು, ಹುದುಗು ಬರಿಸುವ ವ್ಯವಸ್ಥೆ, ಒಣಗಿಸುವ ಚಪ್ಪರಗಳು, ಎಲ್ಲವನ್ನೂ ಹೊಸದಾಗಿ ಕಲಿತರು. ಒಣಗಿದ ಬೀಜವನ್ನು ವಿದೇಶಕ್ಕೂ ಕಳುಹಿಸಿದರು. ಹೆಸರಿನಲ್ಲಿ ಅಡಿಕೆಯ ಜೊತೆಗೆ ಕೊಕ್ಕೊವೂ ಸೇರಿಕೊಂಡಿತು. ಕ್ಯಾಂಪ್ಕೊ ಎಂಬ ಕಿರಿಹೆಸರು ಮಾತ್ರ ಬದಲಾಗಲಿಲ್ಲ.

ಬೀಜವನ್ನು ಹಾಗೇ ಮಾರಿದರೆ ಲಂಡನ್ನಿನ ದರ ಏರಿದಾಗ ಏರಬೇಕು, ಇಳಿದಾಗ ಇಳಿಯಬೇಕು. ಇದರಿಂದ ಪಾರಾಗಲು ಕಂಡ ದಾರಿ ಚಾಕೊಲೇಟನ್ನೇ ಮಾಡುವುದು. ಕೇಳಿದವರು ನಕ್ಕರೆ ಆಶ್ಚರ್ಯವಿಲ್ಲ. ಅಡಿಕೆ ಕೃಷಿಕರು, ಅದೂ ಪುತ್ತೂರಿನಲ್ಲಿ, ಯುರೋಪಿನ ಯಂತ್ರ ತರಿಸಿ ಚಾಕೊಲೇಟು ಮಾಡುವುದೆಂದರೆ! 1986ರ ಸೆಪ್ಟೆಂಬರದಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಆ ಕಾರ್ಖಾನೆಯನ್ನು ರಾಷ್ಟ್ರಪತಿ ಜೈಲ್ ಸಿಂಗ್ ಉದ್ಘಾಟಿಸಿದರು. ಅಲ್ಲಿಂದ ಕ್ಯಾಂಪ್ಕೊ ಬಾರ್, ಮೆಲ್ಟೊ ಎಂದೆಲ್ಲ ಹೆಸರಿನ ತಿನಿಸುಗಳು ನಮ್ಮೂರ ಗೂಡಂಗಡಿಗೂ ಬಂದವು. ಬೇರೆ ದೊಡ್ಡ ಕಂಪೆನಿಗಳಿಗೂ ಇಲ್ಲಿ ತಯಾರಿಸಿ ಕೊಡುವ ಕೆಲಸ ನಡೆಯಿತು. ಪರರ ಸರಕನ್ನು ಮಾರುತ್ತಿದ್ದವರಿಗೆ ಪರರು ತಮ್ಮ ಸರಕು ಮಾಡಿಸಲು ಬಂದರು. ಕೆಲವು ವರ್ಷಗಳ ಹಿಂದೆ ಗೊಬ್ಬರದ ಗುಂಡಿಗೆ ಹೋಗುವಂಥ ಬೆಳೆಯೊಂದಕ್ಕೆ ಹೀಗೆ ಮನೆ ಬಾಗಿಲಲ್ಲೇ ಗಿರಾಕಿ ಸಿಕ್ಕಿತು.

ಇಷ್ಟು ಹೇಳಿ ನಿಲ್ಲಿಸಿದರೆ ಇದು ಅಭಿನಂದನ ಗ್ರಂಥದ ಲೇಖನವಾದೀತು. ಬೇರೆ ಎರಡು ಮಾತುಗಳನ್ನೂ ಹೇಳಬೇಕಾಗಿದೆ.

ಒಂದು, ನಮ್ಮ ನಿಷ್ಠೆಯ ಮಾತು. ದರ ಏರಿದಾಗ ಹೊರಗಿನ ಅಂಗಡಿಗೆ, ಬಿದ್ದಾಗ ಸಂಘಕ್ಕೆ, ಇದು ನಮ್ಮ ಬಹುಪಾಲು ಸದಸ್ಯರ ರೀತಿ. ಬಿಲ್ಲಿಲ್ಲದೆ ಕೊಂಡವನು ತೆರಿಗೆ ಉಳಿಸಿದ್ದರಲ್ಲಿ ಒಂದು ಪಾಲನ್ನು ದರಕ್ಕೆ ಸೇರಿಸಿ ಕೊಟ್ಟರೆ, ಲೆಕ್ಕ ಇಟ್ಟು ತೆರಿಗೆ ಕಟ್ಟುವ ಸಂಘ ಅವನೊಡನೆ ಸೆಣಸಲಾರದು. ಒಳ್ಳೆಯ ಅಡಿಕೆ ಅತ್ತ ಹೋಗಿ, ಯಾರಿಗೂ ಬೇಡದ್ದು ಇತ್ತ ಬಂದು ಬೀಳುತ್ತದೆ. 2000ದ ನಂತರದ ಎರಡು ಮೂರು ವರ್ಷ ಅಡಿಕೆ ಬೆಲೆ ಮತ್ತೆ ಪಾತಾಳ ಕಂಡಾಗ ಎಲ್ಲರೂ ಶಾಖೆಯ ಮುಂದೆ ಸಾಲು ನಿಂತರು. ಹಿಂದಿನ ಏರಿಕೆಯ ವರ್ಷಗಳಲ್ಲಿ ಅದೇ ಶಾಖೆಯಲ್ಲಿ ಕಾಲಿಡದವರೂ ಆ ಸಾಲಿನಲ್ಲಿದ್ದರು. ಸಂಘದ ಬಾಗಿಲು ಅವರಿಗೂ ತೆರೆದೇ ಇತ್ತು. ಸಂಸ್ಥೆಯ ಒಡೆಯರು ತಾವೆಂದು ಮಹಾಸಭೆಯಲ್ಲಿ ಗುಡುಗುವವರು ಅಡಿಕೆಯನ್ನು ಕೊಡುವಾಗ ಗಿರಾಕಿಯಂತೆ ನಡೆದುಕೊಳ್ಳುತ್ತಾರೆ. ಸಹಕಾರಿ ಸಂಸ್ಥೆಗಳು ಸೊರಗುವುದಕ್ಕೆ ಆಡಳಿತ ಮಂಡಳಿಯ ರಾಜಕೀಯವನ್ನು ದೂರುವುದು ಸುಲಭ. ಗೋಣಿ ಎತ್ತಿಕೊಂಡು ಎತ್ತ ಹೋದೆವೆಂಬುದೂ ರಾಜಕೀಯವೇ.

ಇನ್ನೊಂದು, ಸರಕಿನ ಮಾತು. ಅಡಿಕೆಯ ಬೇಡಿಕೆ 1980ರ ದಶಕದಿಂದ ಏರಿದ್ದಕ್ಕೆ ಒಂದು ದೊಡ್ಡ ಕಾರಣ ಪಾನ್ ಮಸಾಲೆ ಮತ್ತು ಗುಟ್ಕಾ. ತಂಬಾಕು ಬೆರೆಯದ ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ 2004ರಲ್ಲಿ ಪ್ರಕಟಿಸಿತು. ಗುಟ್ಕಾವನ್ನು ಕೇರಳ 2012ರಲ್ಲಿ, ಕರ್ನಾಟಕ 2013ರಲ್ಲಿ ನಿಷೇಧಿಸಿದವು. ನಮ್ಮ ಹಿರಿಯರು ಊಟದ ಮೇಲೆ ವೀಳ್ಯ ಹಾಕಿಕೊಂಡದ್ದು ಬೇರೆ, ಹುಡುಗರು ಪೊಟ್ಟಣ ಹರಿದು ಬಾಯಿಗೆ ಸುರಿದುಕೊಳ್ಳುವುದು ಬೇರೆ ಎಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ಅದರಲ್ಲಿ ಸ್ವಲ್ಪ ಸತ್ಯವೂ ಇರಬಹುದು. ಆದರೂ ಮಾರುವ ಕೆಲಸವನ್ನು ಇನ್ನೊಬ್ಬರಿಗೆ ವಹಿಸಿದರೆ ಆ ಸರಕು ಯಾರ ಬಾಯಿಗೆ ಹೋಗುತ್ತದೆಂಬ ಪ್ರಶ್ನೆಯನ್ನೂ ವಹಿಸಿಕೊಟ್ಟಂತಾಗುವುದಿಲ್ಲ. ಲಕ್ಷಗಟ್ಟಲೆ ಕುಟುಂಬಗಳ ಅನ್ನ ಒಂದು ತಕ್ಕಡಿಯಲ್ಲಿ, ಈ ಪ್ರಶ್ನೆ ಇನ್ನೊಂದು ತಕ್ಕಡಿಯಲ್ಲಿ. ನಮ್ಮ ಕಡೆಯ ವಿಚಾರವಂತರು ಉಪಬೆಳೆಗಳ ಮಾತು ಹೆಚ್ಚು ಹೆಚ್ಚು ಆಡುತ್ತಿರುವುದಕ್ಕೆ ಇದೂ ಒಂದು ಕಾರಣ. ಸಂಸ್ಥೆಯೂ ಈಚಿನ ವರ್ಷಗಳಲ್ಲಿ ಕಾಳುಮೆಣಸು, ರಬ್ಬರುಗಳ ಖರೀದಿಗೆ ಇಳಿದಿದೆ.

2023ಕ್ಕೆ ಕ್ಯಾಂಪ್ಕೊಗೆ ಐವತ್ತು ವರ್ಷ ತುಂಬಿತು. ಸದಸ್ಯರ ಸಂಖ್ಯೆ ಲಕ್ಷ ದಾಟಿದೆ, ವರ್ಷದ ವಹಿವಾಟು 2,000 ಕೋಟಿ ರೂಪಾಯಿ ಮೀರಿದೆ. ಅದೇ ವರ್ಷ ಕೇಂದ್ರ ಸರಕಾರ ಆಮದು ಅಡಿಕೆಯ ಕನಿಷ್ಠ ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಇಂಥ ನಿರ್ಧಾರಗಳ ಹಿಂದೆ ದಿಲ್ಲಿಯ ಬಾಗಿಲು ತಟ್ಟುವವರು ಬೇಕಾಗುತ್ತಾರೆ. ಎರಡು ಗೋಣಿಯ ಒಡೆಯ ದಿಲ್ಲಿಗೆ ಹೋಗಲಾರ, ಅವನ ಪರವಾಗಿ ಸಂಸ್ಥೆ ಹೋಗುತ್ತದೆ.

ಕಂಪೆನಿಗಳ ಬೆಳವಣಿಗೆಯ ಕತೆಯನ್ನು ನಾವು ಸಾಮಾನ್ಯವಾಗಿ ಒಬ್ಬ ಧೀರನ ಕತೆಯಾಗಿ ಕೇಳಲು ಇಷ್ಟಪಡುತ್ತೇವೆ. ಸುಬ್ರಾಯ ಭಟ್ಟರಿಲ್ಲದೆ ಇದು ಶುರುವಾಗುತ್ತಿರಲಿಲ್ಲ ಎಂಬುದು ನಿಜ. ಆದರೆ ಐವತ್ತು ವರ್ಷ ನಡೆದದ್ದು ವಾಲದ ಒಂದು ಕಣ್ಣಿನಿಂದ, ದೂರದ ಊರಿನಲ್ಲಿ ಹಿಂದಿ ಕಲಿತ ಹುಡುಗನಿಂದ, ಹುಳಿ ಬಂದ ಕೊಕ್ಕೊ ರಾಶಿಯನ್ನು ಹೊತ್ತಿಗೆ ಸರಿಯಾಗಿ ಮಗುಚಿದ ಕೈಗಳಿಂದ. ಇವರಲ್ಲಿ ಹೆಚ್ಚಿನವರ ಹೆಸರು ಯಾವ ಸ್ಮರಣ ಸಂಚಿಕೆಯಲ್ಲೂ ಇಲ್ಲ. ಇವರೂ ನಮ್ಮಂಥದೇ ಮನೆಗಳಿಂದ ಬಂದವರು, ಅಂಗಳದಲ್ಲಿ ಅಡಿಕೆ ಹೆಕ್ಕಿ ಬೆಳೆದವರು. ನಮ್ಮ ಪರವಾಗಿ ಮಾರುವವನು ಯಾರ ಪರ ಎಂಬ ಪ್ರಶ್ನೆಗೆ ಇವರು ದುಡಿದು ಉತ್ತರ ಕೊಟ್ಟರು. ನಮ್ಮ ಕಡೆಯಿಂದ ಕೊಡಬೇಕಾದ ಉತ್ತರ ಪ್ರತಿ ಬೇಸಗೆಯಲ್ಲೂ ಬಾಕಿ ಇರುತ್ತದೆ: ದರ ಏರಿದ ದಿನ ನಮ್ಮ ಗೋಣಿ ಯಾವ ಕಡೆಗೆ ಹೋಗುತ್ತದೆ?